ಹಿಂದಿನ ಎಡಗಾಲಿ

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ತಪಾಸಣೆ.
ಗಾಜಿಗಂಟಿದ ಚೀಟಿಯಲ್ಲಿ ತೂತು ಹೊಡೆದ ತಿಂಗಳು
ಮುಗಿಯಲು ಇನ್ನು ಎರಡೇ ದಿನ.
ಶೆಟಿಕಾಂಪಿನಲ್ಲಿ ಗ್ಯಾರೇಜು ಇಲ್ಲವೆಂದಲ್ಲ,
ಏಡಿ ಹಂಗಾಮು ಮುಗಿದ ಮೇಲೆ ನನ್ನ ಕೈಯಲ್ಲಿ ಉಳಿಯುವುದು
ಏಡಿಯ ವಾಸನೆ ಮಾತ್ರ.

ಹಾಗಾಗಿ ಅಂಗಳದ ಜಲ್ಲಿಯ ಮೇಲೆ ಹಲಗೆ ಹಾಸಿ
ಜಾಕ್ ಏರಿಸಿ, ಗಾಲಿ ಬಿಚ್ಚಿ, ಕ್ಯಾಲಿಪರನ್ನು
ಕೋಟು ತೂಗುವ ತಂತಿಯಲ್ಲಿ ಸ್ಪ್ರಿಂಗಿಗೆ ನೇತುಹಾಕಿದೆ.
ಅದರ ಭಾರ ಅದರ ರಬ್ಬರ್ ಕೊಳವೆಯ ಮೇಲೆ ಬೀಳಕೂಡದು;
ಹೊಕ್ಕುಳಬಳ್ಳಿ ಹಿಡಿದು ಮಗುವನ್ನು ಎತ್ತುವವರುಂಟೆ?

ಅಲ್ಲಿಯವರೆಗೆ ಎಲ್ಲ ಸರಾಗ.
ಡಿಸ್ಕ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಹದಿನಾಲ್ಕು ಚಳಿಗಾಲ ಈ ರಸ್ತೆಗೆ ಉಪ್ಪು ಎರಚಿದ್ದಾರೆ.
ಒಂದು ಮಗ್ಗುಲಿಗೆ ಸಮುದ್ರದ ಉಪ್ಪು, ಅಡಿಗೆ ಸರಕಾರದ ಉಪ್ಪು.
ಉಪ್ಪು ತಿಂದ ಕಬ್ಬಿಣ ನೀರು ಕುಡಿಯಲೇಬೇಕು,
ಕುಡಿದು, ಉಬ್ಬಿ, ಪದರ ಪದರ ಎದ್ದು
ಹಬ್ಬಿನ ಕೊರಳಿಗೆ ಬೆಸೆದುಕೊಂಡಿತ್ತು.
ಹಾಗೆಂದು ನಾನು ತಿಳಿದೆ.

ಎಣ್ಣೆ ಬಿಟ್ಟೆ. ಕಾದೆ. ಮತ್ತೆ ಬಿಟ್ಟೆ.
ಸಣ್ಣ ಸುತ್ತಿಗೆಯಲ್ಲಿ ಸುತ್ತ ಬಡಿದೆ, ಹಿಂದಿನಿಂದ ಬಡಿದೆ.
ಡಿಸ್ಕಿನಲ್ಲೇ ಎರಡು ತೂತಿವೆ, ಬಿಡಿಸಲೆಂದೇ ಕೊರೆದದ್ದು:
ಬೋಲ್ಟು ಹಾಕಿ ಬಿಗಿಯುತ್ತ ಹೋಗಬೇಕು,
ಬಿಗಿದಷ್ಟೂ ಅದು ಸಡಿಲ.
ಈ ಮಾತು ನನಗೆ ಇಷ್ಟವಾಯಿತು. ಬಿಗಿದೆ.
ಒಂದರ ತಲೆ ಟಕ್ಕೆಂದು ಹಾರಿ
ಬಾಡಿದ ಸೇವಂತಿಗೆಯ ಕುಂಡಕ್ಕೆ ಬಿತ್ತು.

ಬೇಲಿಯಾಚೆ ಪ್ಲಾಸಿಡ್, ನನ್ನ ಗಂಡನ ತಮ್ಮ.
ಮೀನುಗಾರಿಕೆಯ ಪರವಾನಗಿ ಮಾರಿದ ವರ್ಷದಿಂದ ನಮ್ಮಲ್ಲಿ ಮಾತಿಲ್ಲ.
ಸದ್ದಿಗೆ ಹೊರಗೆ ಬಂದ. ನೋಡಿದ. ಒಳಗೆ ಹೋದ.
ತಿರುಗಿ ಬಂದು ಎಂಟು ಪೌಂಡಿನ ಸುತ್ತಿಗೆಯನ್ನು
ಬೇಲಿಯ ಗೂಟಕ್ಕೆ ಒರಗಿಸಿಟ್ಟ,
ಮುನಿದ ನಾಯಿಗೆ ತಟ್ಟೆ ಇಟ್ಟ ಹಾಗೆ.

ಅದರಲ್ಲೂ ಬಡಿದೆ.
ಮೊದಲು ತುಕ್ಕಿಗೆ,
ಆಮೇಲೆ ಆ ಪರವಾನಗಿಗೆ,
ಆಮೇಲೆ, ತೀರಿಕೊಂಡ ಎವಾರಿಸ್ಟನಿಗೆ:
ಸ್ಪ್ಯಾನರುಗಳನ್ನು ಅಳತೆಯ ಸಾಲಿನಲ್ಲಿ ಗೋಡೆಗೆ ತೂಗುಹಾಕಿ
ಯಾವುದು ಯಾವುದಕ್ಕೆ ಎಂದು ಹೇಳದೆ ಹೋದವನಿಗೆ.

ನಾಲ್ಕು ಗಂಟೆಗೆ ಸುಯೆಟ್ ಎದ್ದಿತು,
ಬೆಟ್ಟದಿಂದ ಕೆಳಕ್ಕೆ ನುಗ್ಗುವ ನಮ್ಮೂರಿನ ಹುಚ್ಚು ಗಾಳಿ.
ಬೆರಳು ಮರಗಟ್ಟಿದವು. ಕೈಗವಸು ಹುಡುಕಲು
ಕಾರಿನ ಬಾಗಿಲು ತೆರೆದು ಒಳಕ್ಕೆ ಬಾಗಿದೆ.
ಮೊಣಕೈಗೆ ಏನೋ ತಾಗಿತು.
ಹ್ಯಾಂಡ್‌ಬ್ರೇಕ್.
ಆಕಾಶ ನೋಡುತ್ತ ನಿಂತಿತ್ತು.

ನಾನೇ ಎಳೆದದ್ದು. ಬೆಳಗ್ಗೆ, ಕಾರು ಉರುಳದಿರಲೆಂದು,
ಎರಡೂ ಕೈಯಲ್ಲಿ.
ಡಿಸ್ಕಿನ ಹೊಟ್ಟೆಯೊಳಗೊಂದು ಪುಟ್ಟ ಡ್ರಮ್ಮು;
ಅದನ್ನು ಒಳಗಿನಿಂದ ಒತ್ತಿ ಹಿಡಿದ ಎರಡು ಬ್ರೇಕ್ ಶೂ
ಐದು ಗಂಟೆ ಕಾಲ ನಾನು ಹೇಳಿದ್ದನ್ನು
ಚಾಚೂ ತಪ್ಪದೆ ಪಾಲಿಸುತ್ತಿದ್ದವು.
ನಾನು ಹೊರಗೆ ಕೂತು ಬೈಯುತ್ತಿದ್ದೆ,
ಅಜ್ಜನ ಕಾಲದ ಬೈಗುಳಗಳನ್ನೂ ಬಿಡದೆ.

ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟೆ, ಅಷ್ಟು ಬುದ್ಧಿ ಉಳಿದಿತ್ತು.
ಗುಂಡಿ ಒತ್ತಿ ಸನ್ನೆ ಇಳಿಸಿದೆ.
ಮೂರು ಪೆಟ್ಟು. ಎರಡು ಸಾಕಿತ್ತು.
ಡಿಸ್ಕ್ ಕಳಚಿ ಮಡಿಲಿಗೆ ಬಂತು, ಭಾರವಾಗಿ, ತಣ್ಣಗೆ,
ಕೆಮ್ಮಣ್ಣಿನಂಥ ತುಕ್ಕು ತೊಡೆಯ ತುಂಬ.

ಸುತ್ತಿಗೆ ಹಿಡಿದು ಬೇಲಿಗೆ ಹೋದೆ.
"ಬಂತಾ?" ಅಂದ ಪ್ಲಾಸಿಡ್.
ಒಂಬತ್ತು ವರ್ಷದ ಮೇಲಿನ ಮೊದಲ ಮಾತು.
"ಬಡಿದೆ. ಬಂತು."
ಅವನು ಸುತ್ತಿಗೆಯ ಮೂತಿ ನೋಡಿದ, ನನ್ನ ಮೂತಿ ನೋಡಿದ.
"ಬಲಗಾಲಿ?"
"ನಾಳೆ."
"ಹಾಗಾದರೆ ನಿನ್ನಲ್ಲೇ ಇರಲಿ."

ಬೇಕಿರಲಿಲ್ಲ.
ತಂದುಕೊಂಡೆ.