ಟಿಫಿನ್ ಡಬ್ಬಿಯಲ್ಲಿ ಒಂದು ತೋಟ

ತಿತಿಮತಿಯಾಚೆ ಆನೆಕಂದಕದ ಏರಿಯ ಮೇಲೆ
ಜೆಸಿಬಿ ಅರ್ಧ ಸೀಳಿಟ್ಟ ಹುತ್ತದೊಳಗೆ
ಮೊಣಕೈವರೆಗೂ ಕೈ ಇಳಿಸಿ ಚುಬ್ರು ತೆಗೆದ:
ಸುಕ್ಕುಸುಕ್ಕಾದ ಕಂದು ಗಡ್ಡೆ,
ಕಡುಂಬುಟ್ಟಿನ ಗಾತ್ರ, ಮುಟ್ಟಿದರೆ ಬೆಚ್ಚಗೆ.
ಮಡಿಕೆ ಮಡಿಕೆಗೂ ರವೆ ಚೆಲ್ಲಿದ ಹಾಗೆ
ಬಿಳಿ ಮೊಳಕೆ.

ನಾನು ಬಿಳಿ ಇರುವೆ ಎಂದೆ.
"ಇರುವೆ ಬೇರೆ. ಇದು ಗೆದ್ದಲು" ಎಂದ.
ಪೊನ್ನಂಪೇಟೆಯ ಮೇಡಂ ಹೇಳಿದ್ದನ್ನು ನಾನೂ ಹೇಳಿದೆ:
ಸಮುದ್ರದಾಚೆ ಇರುವೆಗಳೂ ಹೀಗೇ ಅಂತೆ,
ಎಲೆ ಕತ್ತರಿಸಿ, ಹೊತ್ತು, ಅಗಿದು, ಹಾಸಿ
ಬೂಷ್ಟು ಬೆಳೆದು ಉಣ್ಣುತ್ತವಂತೆ,
ಅಲ್ಲೂ ತೋಟಕ್ಕೆ ರೋಗ, ಅಲ್ಲೂ ದಿನಾ ಕಳೆ ಕೀಳಬೇಕಂತೆ.
ಇಪ್ಪತ್ತು ವರ್ಷ ಕಾಫಿತೋಟದ ಕಳೆ ಕಿತ್ತವನು
ಕೇಳಿದ್ದು ಒಂದೇ:
"ಕೂಲಿ ಎಷ್ಟು?"

ನಾನು ಲ್ಯಾಬಿನಲ್ಲಿ ಗಾಜು ತೊಳೆಯುವವಳು.
ಗಡ್ಡೆಯನ್ನು ನನ್ನ ಊಟದ ಡಬ್ಬಿಯಲ್ಲಿಟ್ಟೆ,
ಒಂದೂ ಗೆದ್ದಲು ಉಳಿಯದಂತೆ ಕುಂಚದಲ್ಲಿ ಗುಡಿಸಿ.
ಚೊಕ್ಕಟವಾಗಿ ತಾ ಅಂದಿದ್ದರಲ್ಲ.
ಶನಿವಾರ. ಭಾನುವಾರ. ಸೋಮವಾರ ಯಾವುದೋ ರಜೆ.

ಮಂಗಳವಾರ ಮುಚ್ಚಳ ತೆಗೆದರೆ
ರವೆ ಇಲ್ಲ.
ಗಡ್ಡೆಯ ತುಂಬ ಬೂದಿ ಬಣ್ಣದ ತುಪ್ಪಳ,
ಅದರಿಂದೆದ್ದ ಕಡ್ಡಿಗಳು,
ಬುಡ ಕಪ್ಪು, ತುದಿ ಬಿಳಿ,
ತರಗತಿಯ ಹಿಂದಿನ ಬೆಂಚಿನ ಹುಡುಗರು
ಒಮ್ಮೆಗೇ ಬೆರಳೆತ್ತಿ ಹಾಜರಿ ಹೇಳಿದ ಹಾಗೆ.

ಗಾಳಿಯಿಂದ ಬಂತೆ? ನನ್ನ ಕೈಯಿಂದಲೆ?
ಶುಕ್ರವಾರದ ಚಟ್ನಿಯ ಪಸೆಯಿಂದಲೆ?
ಮೇಡಂ ಬೈಯಲಿಲ್ಲ.
"ಅದು ಎಲ್ಲಿಂದಲೂ ಬರಲಿಲ್ಲ, ದೇಚು. ಒಳಗೇ ಇತ್ತು."
ಮೊದಲ ದಿನದಿಂದ, ಆ ರವೆಯ ನಡುವೆ
ಕೂದಲೆಳೆಯಷ್ಟಾಗಿ, ಉಸಿರು ಹಿಡಿದು.
ಸಾವಿರ ಕುರುಡು ಬಾಯಿಗಳು
ಹಗಲೆನ್ನದೆ ಇರುಳೆನ್ನದೆ
ನೆಕ್ಕಿ, ಕಚ್ಚಿ, ಉಗಿದು, ಮಣ್ಣು ಮುಚ್ಚಿ
ಎಳೆಯನ್ನು ಎಳೆಯಾಗಿಯೇ ಇರಿಸಿದ್ದವು.
ಗೆದ್ದಲು
ಒಮ್ಮೆಯೂ ಗೆದ್ದಿರಲಿಲ್ಲ.
ಕೆಲಸ ಬಿಟ್ಟಿರಲಿಲ್ಲ, ಅಷ್ಟೆ.

ನಾನು ಚೊಕ್ಕಟ ಮಾಡಿದ್ದು ಆ ಬಾಯಿಗಳನ್ನು.

ಕಕ್ಕಡ ತಿಂಗಳಲ್ಲಿ ಚುಬ್ರು ಮತ್ತೆ ಬಂದ,
ತೇಗದೆಲೆಯ ಪೊಟ್ಟಣದಲ್ಲಿ ಕುಮ್ಮು,
ಕೊಡೆ ಬಿಚ್ಚದ ಎಳೆಯವು, ಬುಡದಲ್ಲಿನ್ನೂ ಕೆಮ್ಮಣ್ಣು.
ಸೀಳಿದ ಹುತ್ತದ ಕಾಡಿನ ಕಡೆ ಎದ್ದವಂತೆ.
ರಸ್ತೆಯ ಕಡೆ?
ಜೇಬಿನಿಂದ ಒಂದು ಕಪ್ಪು ಕಡ್ಡಿ ತೆಗೆದು ಮೇಜಿನ ಮೇಲಿಟ್ಟ.
"ಇದು ಎದ್ದರೆ ಒಳಗೆ ಯಾರೂ ಇಲ್ಲ ಅಂತ.
ನಮ್ಮ ಹಾಡಿಯಲ್ಲಿ ಮಕ್ಕಳಿಗೂ ಗೊತ್ತು."
ಮೇಡಂ ಪುಸ್ತಕ ತೆರೆದು ಬರೆದುಕೊಂಡರು,
ತಾರೀಕು ಹಾಕಿ, ಅವನ ಹೆಸರು ಹಾಕಿ.
ಅವನು ಕಾಗುಣಿತ ನೋಡಿದ. ಸರಿಯಿತ್ತು.

ಡಬ್ಬಿಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ,
ಬೂದಿಯಲ್ಲಿ ಉಜ್ಜಿ, ಕುದಿನೀರು ಹೊಯ್ದಿದ್ದೇನೆ.
ಕುಮ್ಮಿನ ಸಾರು ಅದರಲ್ಲೇ ತಂದೆ, ಮೂವರೂ ತಿಂದೆವು.
ಚೆನ್ನಾಗಿತ್ತು, ಉಪ್ಪು ಸ್ವಲ್ಪ ಮುಂದು.
ತಿಂದಾದ ಮೇಲೆ ಎದ್ದು
ಮತ್ತೆ ತೊಳೆದಿಟ್ಟೆ.