ತತ್ತಿಯ ಸುಣ್ಣ

ಲೋಕಾಪುರದ ಕಲ್ಲು ಸುಟ್ಟು ಸುಣ್ಣ ಮಾಡಿದ ಕೈ ಇದು.
ಬೆರಳ ಸಂದಿ ಇನ್ನೂ ಬಿರಿದೈತಿ, ನೋಡು.
ಕಲ್ಲು ಬೆಂದದ್ದು ಹೌದೋ ಅಲ್ಲೋ
ನೀರು ಹಾಕಿದ ಕೂಡಲೆ ಸಪ್ಪಳದಾಗ ಗೊತ್ತಾಗತಿತ್ತು ನನಗ.
ಬೆಂದ ಕಲ್ಲು ಬುಸುಗುಡತೈತಿ,
ಹಸಿ ಕಲ್ಲು ಸುಮ್ಮನ ಕೂಡತೈತಿ.

ನಮ್ಮೂರ ಅಗಸಿ ಮುಂದಿನ ಹುಣಸಿಗಿಡಕ್ಕ
ಯಾರೂ ಸುಣ್ಣ ಬಳದವರಲ್ಲ.
ಬೆಳ್ಳಕ್ಕಿ ಬಳೀತಿದ್ವು.
ಮಿರಗ ಕೂಡಿತಂದ್ರ ಘಟಪ್ರಭಾ ದಂಡಿಯಿಂದ ಬಂದು
ಟೊಂಗಿಗೆ ಹತ್ತು ಗೂಡು, ಗೂಡಿಗೆ ಮೂರು ತತ್ತಿ.
ಕೆಳಗ ಚಾದಂಗಡಿ ಹೊಳಬಸು
ತಾಡಪಾಲು ಕಟ್ಟಿಕೋತ ಬೈತಿದ್ದ:
"ಯಲಗೂರವ್ವಾ, ನಿನ್ನ ಧಂದೆ ಮುಗೀತು,
ಪುಕ್ಕಟೆ ಸುಣ್ಣ ಬೀಳಾಕತ್ತೈತಿ ಇಲ್ಲಿ."

ಈ ವರ್ಷ ತಾಡಪಾಲು ಬಿಚ್ಚಿ ಮಡಚಿಟ್ಟಾನ.
ಚಾದ ಬಸಿಯಾಗ ಏನೂ ಬೀಳಂಗಿಲ್ಲ.
ಕುಡಿಯೋ ಮಂದಿ ಒಂದೆರಡು ಸಲ ಮ್ಯಾಲ ನೋಡಿ
ಸುಮ್ಮನಾಗ್ತಾರ.

ಬಾಗಲಕೋಟಿಯಿಂದ ಒಂದು ಹುಡುಗಿ ಬರತಾಳ,
ಬಾಗವಾನರ ರುಬೀನಾ, ಹಕ್ಕಿ ಓದಾಕಿ.
ಗಿಡದ ಬುಡಕ್ಕ ಕುಂತು ಒಡಕ ತತ್ತಿ ಆರಿಸ್ತಾಳ.
ಅಕ್ಕಸಾಲಿಗನ ತಕ್ಕಡಿಗಿಂತ ಸಣ್ಣ ತಕ್ಕಡಿ,
ಇಕ್ಕಳದಾಂಗ ಎಂಥಾದೋ ಒಂದು ಅಳತಿ.
ಕಣ್ಣು ಕಿರಿದು ಮಾಡಿ ಅಳೀತಾಳ, ಬರಕೋತಾಳ,
ಮತ್ತ ಅಳೀತಾಳ.
"ತೆಳ್ಳಗಾಗ್ಯಾವು ಅಜ್ಜಿ, ಭಾಳ ತೆಳ್ಳಗ."
ನನ್ನ ಅಂಗೈ ಮ್ಯಾಲ ಇಟ್ಟಳು ಒಂದು ಚೂರು.
ಹಾಲಿಗೆ ನೀಲಿ ಕಲಸಿದ ಬಣ್ಣ.
ಬಿಸಿಲಿಗೆ ಹಿಡಿದರ
ಆಚಿಗಿನ ನನ್ನ ಬೆರಳು ಕಂಡಿತು.

ಸುಣ್ಣ ಕಮ್ಮಿ, ಅಂದೆ.
ನನಗ ಬರೋ ವಿದ್ಯಾ ಅದೊಂದ.
ಬಸುರಿದ್ದಾಗ, ಯಾರೂ ಇಲ್ಲದ ಹೊತ್ತು ನೋಡಿ,
ನಮ್ಮತ್ತಿ ಬಳದ ಗೋಡಿ ನೆಕ್ಕೀನಿ ನಾನೂ.
ಎಲುಬು ಬೇಡತಿತ್ತು, ನಾಲಿಗಿ ಹೋಗತಿತ್ತು.
ಈ ಹಕ್ಕಿಗೇನು ಕಮ್ಮಿ? ಊರ ತುಂಬ ಸುಣ್ಣದ ಕಲ್ಲು,
ಹೊಳಿ ತುಂಬ ಸಿಂಪಿ.
ಹಿಡಿ ಜ್ವಾಳಕ್ಕ ಸುಣ್ಣದ ನುಚ್ಚು ಕಲಸಿ
ಮಾಳಿಗಿ ಮ್ಯಾಲ ಚೆಲ್ಲಿದೆ, ಮೂರು ದಿನ.
ಕಾಗಿ ತಿಂದ್ವು.

ರುಬೀನಾ ನಕ್ಕಳು, ಆಮ್ಯಾಲ ನಗಲಿಲ್ಲ.
"ಬೆಳ್ಳಕ್ಕಿ ಜ್ವಾಳ ತಿನ್ನಂಗಿಲ್ಲ ಅಜ್ಜಿ.
ಸುಣ್ಣ ಐತಿ ಅದರ ಮೈಯಾಗ, ತತ್ತಿಗೆ ಹತ್ತಂಗಿಲ್ಲ.
ಏನೋ ಒಂದು ನಡುವ ನಿಂತು ತಡೀತೈತಿ.
ಏನಂತ ಈಗ ಹೇಳಾಕ ಬರಂಗಿಲ್ಲ,
ಶೀಶೆ ಕಳಿಸೀನಿ."

ನನಗ ಶೀಶೆ ಬೇಕಿಲ್ಲ.
ಕಬ್ಬಿನ ಬುಡಕ್ಕ ಸುರೀತಾರಲ್ಲ, ಅದಕ್ಕ ನಮ್ಮಲ್ಲಿ ಎಣ್ಣಿ ಅಂತಾರ.
ದೀಪಕ್ಕ ಹಾಕೋದರ ಹೆಸರು, ಕೂಸಿನ ನೆತ್ತಿಗೆ ಹಚ್ಚೋದರ ಹೆಸರು.
ಸಾಲಿ ಕಲಿತವರು ಔಷಧ ಅಂತಾರ.
ಗೊಣ್ಣಿಹುಳ ಸಾಯತೈತಿ, ಖರೆ.
ಉಳದದ್ದು ಮಳಿ ಕೂಡ ಹಳ್ಳಕ್ಕಿಳೀತೈತಿ,
ಏಡಿಗೆ, ಮೀನಿಗೆ, ಕೊಕ್ಕಿಗೆ.
ಒಂದು ಕಣ್ಣಿಗೆ ಬೆಣ್ಣಿ, ಒಂದು ಕಣ್ಣಿಗೆ ಸುಣ್ಣ ಅಂತ ಗಾದಿ.
ಈ ಹಕ್ಕಿಗೆ ಆ ಸುಣ್ಣಾನೂ ಉಳಸಲಿಲ್ಲ ನಾವು.

ನಾವು ಅಂದೆ. ಯಾಕಂದ್ರ
ದಾಳಿಂಬ್ರಿ ತ್ವಾಟದವರು ಮೈಲುತುತ್ತಕ್ಕ ಕಲಸಾಕ ಒಯ್ಯೋ ಸುಣ್ಣ
ನಂದ. ಇಪ್ಪತ್ತು ವರ್ಷ ಅಳದು ಕೊಟ್ಟೀನಿ.
"ಅದಲ್ಲ ಅಜ್ಜಿ, ಅದರದೇನಿಲ್ಲ ಇದರಾಗ" ಅಂತಾಳ ಹುಡುಗಿ.
ಇರಬಹುದು.
ರಾತ್ರಿ ಕೈ ಉರಿದಾಗ
ಆ ಮಾತು ಹಚ್ಚಿಕೊಂಡು ಮಲಗ್ತೀನಿ.

ನಿನ್ನೆ ಹೊಳಬಸುನ ಮಾಳಿಗಿ ಹತ್ತಿ ನೋಡಿದೆ.
ಉಳದದ್ದು ಒಂದ ಗೂಡು.
ಮೈ ಕೊಸರಿ, ಗರಿ ಹರವಿ,
ಮಲಗಿದ ಕೂಸಿನ ಮಗ್ಗಲಕ್ಕ ಬಾಣಂತಿ ಒರಗಿದಾಂಗ
ಹಗೂರಕ ಕಾವಿಗೆ ಕುಂತಳು.
ಚಿಟ್ ಅಂತು.
ನನಗ ಕಿವಿ ಮಂದ, ಆದರೂ ಕೇಳಿತು,
ಹಸಿ ಕಲ್ಲು ಬೆಂದ ಕಲ್ಲು ಗುರುತಿಸಿದ ಕಿವಿ.

ಎದ್ದಳು. ಕಾಲಿಗೆ ಹತ್ತಿದ ಹಳದಿ
ಕೊಕ್ಕಿನಿಂದ ಒರಸಿಕೊಂಡಳು.
ಕತ್ತು ಕೊಂಕಿಸಿ ಗೂಡಿನೊಳಗ ನೋಡಿದಳು, ಭಾಳ ಹೊತ್ತು.
ಮತ್ತ ಅದರ ಮ್ಯಾಲ
ಕುಂತಳು.

ಕೆಳಗ ಹೊಳಬಸು ಕೂಗಿದ,
ಚಾ ಆರಾಕತ್ತೈತಿ.