ಐದು ಗಂಟೆಗೆ ಬಂದವಳು

ನಮ್ಮ ಮನೆಯ ಗೋಡೆಗೆ ಮೊಳೆಯಿತ್ತು, ದೇವರಿರಲಿಲ್ಲ.
ಆ ಮೊಳೆಗೆ ಅಪ್ಪ ಗಿರಣಿಯ ಬುತ್ತಿಚೀಲ ತೂಗುಹಾಕುತ್ತಿದ್ದ.
ಶಾಲೆಯ ಅರ್ಜಿಯಲ್ಲಿ ಜಾತಿ ಎಂಬಲ್ಲಿ ಒಂದು ಗೆರೆ,
ಧರ್ಮ ಎಂಬಲ್ಲಿ ಇನ್ನೊಂದು.
ಹೆಡ್ಮಾಸ್ತರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು
‘ಹೋಗ್ಲಿ ಬಿಡ್ರೀ ಕೊಟ್ರಪ್ಪಾರ’ ಅಂದರು.
ಅಪ್ಪನ ಹೆಸರಿನೊಳಗೇ ಒಬ್ಬ ದೇವರು ಕೂತಿದ್ದ;
ಅವನೊಬ್ಬನನ್ನು ಅಪ್ಪ ಎಬ್ಬಿಸಲಿಲ್ಲ.

ದೀಪಾವಳಿಗೆ ಯೂನಿಯನ್ ಆಫೀಸಿನ ನೆಲ ಗುಡಿಸಿ
ಹಳೇ ಪೇಪರಿನ ಮೇಲೆ ಮಂಡಕ್ಕಿ ಸುರಿದು
ಹತ್ತಿಪ್ಪತ್ತು ಕೈ ಒಟ್ಟಿಗೆ ಉಣ್ಣುತ್ತಿದ್ದವು.
ಕೊರತೆ ಇರಲಿಲ್ಲ. ಇದನ್ನು ಹೇಳಲೇಬೇಕು,
ಸಾಕ್ಷಿ ಹೇಳುವವರೆಲ್ಲ ಕೊರತೆಯಿಂದಲೇ ಶುರು ಮಾಡುತ್ತಾರೆ.

ಗಿರಣಿ ಮುಚ್ಚಿ ಎಷ್ಟೋ ವರ್ಷವಾದ ಮೇಲೂ
ಅರಳೆಯ ಧೂಳು ಅಪ್ಪನ ಎದೆಯಲ್ಲಿ ಪಾಳಿ ಮಾಡುತ್ತಿತ್ತು.
ದೊಡ್ಡಾಸ್ಪತ್ರೆಯ ಗಂಡಸರ ವಾರ್ಡು, ಕಿಟಕಿಯ ಪಕ್ಕದ ಮಂಚ.
ಕಫದ ಬಟ್ಟಲು ತೊಳೆಯುವ ಎಸ್ತೇರಮ್ಮ ಒಂದು ರಾತ್ರಿ
‘ಯಜಮಾನ್ರ, ನಿಮಗೊಂದು ಪ್ರಾರ್ಥನೆ ಮಾಡಲಾ?’ ಅಂದಳು.
ನಾನು ಉಸಿರು ಬಿಗಿ ಹಿಡಿದೆ.
‘ಡ್ಯೂಟಿ ಮುಗದ ಮ್ಯಾಲ ಮಾಡವ್ವಾ,’ ಅಪ್ಪ ಅಂದ,
‘ಗುತ್ತಿಗೆದಾರಗ ಪುಕ್ಕಟೆ ದುಡೀಬ್ಯಾಡ.
ಸಂಬಳ ಎಷ್ಟು ಕೊಡ್ತಾನ?’

ಅವಳು ಮುಂಜಾನೆ ಸಹಿ ಹಾಕಿ, ಸೀರೆ ಬದಲಿಸಿ, ತಿರುಗಿ ಬಂದು
ಕಾಲು ಗಂಟೆ ಕಣ್ಣು ಮುಚ್ಚಿ ಕೂತಳು.
ಅಪ್ಪ ಸೀಲಿಂಗು ನೋಡುತ್ತ ಮರ್ಯಾದೆಯಿಂದ ಕಾದ,
ಆಮೇಲೆ ನನ್ನ ಕೈಲಿ ಅವಳ ಸಂಬಳದ ಮನವಿ ಬರೆಸಿದ.
ಅದೇ ಅವನ ಕೊನೆಯ ಮನವಿ.
ಗುಣವಾಗಲಿಲ್ಲ. ನಾಲ್ಕನೇ ದಿನ ಹೋದ.
ಕೆಂಪು ಬಾವುಟ ಹೊದಿಸಿದೆವು, ಬಣ್ಣ ಮಾಸಿದ್ದು.

ಮನವಿಗೆ ಉತ್ತರ ಬಂತು, ನನ್ನ ವಿಳಾಸಕ್ಕೆ:
‘ಪರಿಶೀಲಿಸಲಾಗುವುದು.’
ಅದನ್ನು ಕೊಡಲು ಹೋದೆ, ಒಂದು ಭಾನುವಾರ.
ಮಂಡಕ್ಕಿ ಭಟ್ಟಿಗಳ ಹಿಂದೆ ತಗಡಿನ ಶೆಡ್ಡು,
ಹೊಗೆಯಿಂದ ಕಪ್ಪಾದ ಬಿಳಿ ಗೋಡೆ.
ಓಬದ್ಯ ಪಾಸ್ಟರು ಓದುತ್ತಿದ್ದರು, ತೋಟದ ಕೂಲಿಯ ಕಥೆ:
ಬೆಳಗ್ಗೆ ಬಂದವನಿಗೂ ಒಂದು ದಿನದ ಕೂಲಿ,
ಸಂಜೆ ಐದಕ್ಕೆ ಬಂದವನಿಗೂ ಅಷ್ಟೇ.
ಇದ್ಯಾವ ನ್ಯಾಯ, ಎಂದಿತು ನನ್ನೊಳಗಿನ ಯೂನಿಯನ್ನು,
ಎದ್ದು ನಿಲ್ಲುವುದೊಂದು ಬಾಕಿ.

ಆಮೇಲೆ ನೆನಪಾಯಿತು. ಅಪ್ಪನೂ ಮೊದಲು ಬದ್ಲಿ ಕಾರ್ಮಿಕ.
ಯಾರಾದರೂ ರಜೆ ಹಾಕಿಯಾರೆಂದು ಗೇಟಿನ ಮುಂದೆ
ಬಿಸಿಲು ಇಳಿಯುವತನಕ ನಿಂತವನು.
ನಿಂತವನ ಮನೆಗೂ ಹಿಟ್ಟು ಅಷ್ಟೇ ಬೇಕು.
‘ನಮ್ಮನ್ನ ಯಾರೂ ಕರೀಲಿಲ್ಲ,’ ಅಂದರಂತೆ ಆ ಐದು ಗಂಟೆಯವರು.
ಆ ಮಾತಿಗೆ ನನ್ನ ಗಂಟಲು ಕಟ್ಟಿತು.
ಬೇರೆ ಬೆಳಕೇನೂ ಕಾಣಲಿಲ್ಲ. ಫ್ಯಾನು ಕಿರುಗುಟ್ಟುತ್ತಿತ್ತು.

ಮುಂದಿನ ವಾರವೂ ಹೋದೆ. ಅದರ ಮುಂದಿನ ವಾರವೂ.
ಎರಡು ವರ್ಷ ಹಿಡಿಯಿತು ನೀರಿಗಿಳಿಯಲು.
ಅಲ್ಲೂ ಒಬ್ಬಾಕೆ ಕೇಳಿದಳು, ‘ಮೊದಲು ಯಾವ ಜನ ನೀವು?’
ಗಾಳಿಯಲ್ಲೊಂದು ಗೆರೆ ಎಳೆದೆ.
ಆಕೆಗೆ ಅರ್ಥವಾಗಲಿಲ್ಲ; ಬೆಲ್ಲದ ಚಹಾ ಮಾತ್ರ ಕೊಟ್ಟಳು.

ಈಗ ಆರಾಧನೆಗೆ ಮೊದಲು ನೆಲ ಗುಡಿಸುವ ಪಾಳಿ ನನ್ನದು.
ಮುಗಿದ ಮೇಲೆ ಪೇಪರು ಹಾಸಿ ಮಂಡಕ್ಕಿ ಸುರಿಯುತ್ತಾರೆ.
ಅಪ್ಪನಿದ್ದಿದ್ದರೆ ಜಗಳ ಆಡುತ್ತಿದ್ದ, ಖಂಡಿತ,
ಆದರೆ ಕೂತು, ತಿನ್ನುತ್ತ.
ಎಸ್ತೇರಮ್ಮ ಮೆಣಸಿನಕಾಯಿ ನನ್ನ ಕಡೆ ಸರಿಸುತ್ತಾಳೆ.
ಅವಳ ಸಂಬಳ ಇನ್ನೂ ಏರಿಲ್ಲ.
ಇವತ್ತು ರಾತ್ರಿ ಕೂತು ಇನ್ನೊಂದು ಮನವಿ ಬರೆಯಬೇಕು.